ಅಮಾವಾಸ್ಯೆ ರಾತ್ರಿ ಗುಡ್ಡದ ಮೇಲೆ ಟಣ್ ಟಣ್ ಅನ್ನುವುದು ಯಾರು?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಗುಡ್ಡ ಇದೆ. ಹಳೇ ಕಲ್ಲುಮನೆಗಳಿಗೆ ಹೆಸರಾದ ಹಿರೇಬೆಣಕಲ್‌ನಷ್ಟು ದೊಡ್ಡದಲ್ಲ, ಆದರೆ ಮೇಲೆ ಹತ್ತು-ಹನ್ನೆರಡು ಹಳೇ ಕಲ್ಲುಮನೆಗಳಿವೆ. ಊರವರು ಮೋರೇರ ಮನೆ, ಅಂದರೆ ಹಿಂದಿನ ಕಾಲದ ಗಿಡ್ಡ ಜನರ ಮನೆ ಅಂತಾರೆ. ಎರಡು ವರ್ಷದಿಂದ ರಾತ್ರಿ ಅಲ್ಲಿಂದ ಶಬ್ದ ಬರುತ್ತಿದೆ. ಆಷಾಢದ ಗಾಳಿಯಲ್ಲಿ ಗುಂಯ್ ಅಂತ ಒಂದೇ ಸಮನೆ ಕೇಳುತ್ತದೆ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಂದೂಕು ಹಾರಿಸಿದ ಹಾಗೆ ಟಪ್ ಅನ್ನುತ್ತದೆ. ಕಳೆದ ಮೊಹರಂ ಹೊತ್ತಿನಲ್ಲಿ ಗುಡ್ಡದ ಮೇಲೇ ನಗಾರಿ ಬಡಿದ ಹಾಗಿತ್ತು. ಕಲ್ಲುಸಂದಿಯಲ್ಲಿ ಯಾರೋ ಬುಸ್ ಬುಸ್ ಅಂತ ಉಸಿರು ಬಿಡುತ್ತಾರೆ ಅಂತ ಕುರಿ ಕಾಯುವವರು ಹೇಳುತ್ತಾರೆ. ಎಲ್ಲಕ್ಕಿಂತ ಹೆದರಿಕೆ ಆಗುವುದು ಟಣ್ ಟಣ್ ಶಬ್ದಕ್ಕೆ. ಅದು ಅಮಾವಾಸ್ಯೆ ಆಸುಪಾಸಿನಲ್ಲೇ ಬರುತ್ತದೆ. ಅಜ್ಜಿ ‘ಮೋರೇರು ಮತ್ತ ಎದ್ದಾರ’ ಅಂತಾಳೆ. ಎಸ್ಸೆಸ್ಸೆಲ್ಸಿ ಓದುವ ತಂಗಿ ನಿದ್ದೆ ಮಾಡುತ್ತಿಲ್ಲ. ತಮ್ಮ ಯಾವುದೋ ವಿಡಿಯೊ ನೋಡಿ, ಕಲ್ಲಿನಲ್ಲಿ ಹಳೇ ಕಾಲದ ಶಬ್ದ ರೆಕಾರ್ಡ್ ಆಗಿರುತ್ತೆ, ನಾನು ರಾತ್ರಿ ಹೋಗಿ ಶೂಟ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಈಗ ಹೊರಗಿನವರೊಬ್ಬರು ಬಂದು, 35 ಸಾವಿರ ಕೊಟ್ಟರೆ ಅಮಾವಾಸ್ಯೆ ರಾತ್ರಿ ಗುಡ್ಡಕ್ಕೆ ದಿಗ್ಬಂಧನ ಹಾಕುತ್ತೇನೆ, ಅವತ್ತು ಊರವರು ಯಾರೂ ಆ ಕಡೆ ತಲೆ ಹಾಕಬಾರದು ಅಂದಿದ್ದಾರೆ. ಊರಲ್ಲಿ ಪಟ್ಟಿ ಎತ್ತುತ್ತಿದ್ದಾರೆ. ಕೊಡಬೇಕಾ? ಆ ಶಬ್ದ ಏನು?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಎರಡು ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದೆ. ಎರಡರಲ್ಲೂ ಅಮಾವಾಸ್ಯೆ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮಗೆ ಕೇಳಿಸಿದ್ದು ಭ್ರಮೆ ಅಂತ ನಾನು ಹೇಳುವುದಿಲ್ಲ. ಇಂಥ ಪ್ರಶ್ನೆ ಎತ್ತಿದವರಿಗೆ ಒಬ್ಬರು ದೆವ್ವ ಅಂತಾರೆ, ಇನ್ನೊಬ್ಬರು ‘ಏನೂ ಇಲ್ಲ, ಸುಮ್ನೆ ಮಲ್ಕೊಳ್ರಿ’ ಅಂತಾರೆ. ಇಬ್ಬರೂ ಗುಡ್ಡಕ್ಕೆ ಹೋಗಿ ಕೇಳಿರುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಗುಡ್ಡಗಳಲ್ಲಿ ಹಳೇ ನೆಲೆಗಳ ಸರ್ವೆ ಮಾಡುತ್ತಾ ಬಂದಿದ್ದೇನೆ. ಅಲ್ಲಿ ರಾತ್ರಿ ಶಬ್ದ ಬರುತ್ತದೆ. ನಾನೂ ಕೇಳಿದ್ದೇನೆ, ಹೆದರಿದ್ದೇನೆ.

ನಿಮ್ಮ ಮನೆಯಲ್ಲಿ ಆಗಿರುವುದು ಏನೆಂದರೆ, ಐದು ಬೇರೆ ಬೇರೆ ಶಬ್ದಗಳು ಸೇರಿ ಒಂದೇ ಹೆದರಿಕೆ ಆಗಿದೆ. ಎಲ್ಲಕ್ಕೂ ಮೋರೇರು ಅಂತ ಒಂದೇ ಹೆಸರು. ಗಂಟು ಹಾಕಿದ್ದನ್ನು ಬಿಡಿಸೋಣ.

ಮೋರೇರ ವಿಷಯವನ್ನೇ ಮೊದಲು ಹೇಳುತ್ತೇನೆ. ನಿಮ್ಮ ಗುಡ್ಡದ ಕಲ್ಲುಮನೆಗಳು ಹಿರೇಬೆಣಕಲ್‌ನವುಗಳ ಜಾತಿಯವೇ ಇರಬೇಕು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಹಿರೇಬೆಣಕಲ್‌ನವು ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಅಂತ ಪುರಾತತ್ವದವರ ಲೆಕ್ಕ. 1835ರಲ್ಲೇ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಅವುಗಳ ಬಗ್ಗೆ ಬರೆದಿದ್ದ. 2021ರಲ್ಲಿ ಆ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇವು ವಾಸದ ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದವು. ಬಾಗಿಲಿಲ್ಲ, ಸಣ್ಣ ಕಿಂಡಿ ಮಾತ್ರ ಇದೆ. ಅದನ್ನು ನೋಡಿದ ನಮ್ಮ ಹಿರಿಯರು, ಇದರೊಳಗೆ ಓಡಾಡಬೇಕಾದರೆ ಗಿಡ್ಡ ಜನರೇ ಇರಬೇಕು ಅಂತ ಊಹಿಸಿದರು. ಮೋರೇರ ಕಥೆ ಹುಟ್ಟಿತು. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸಿಕ್ಕ ಮೂಳೆಗಳು ನಮ್ಮ ನಿಮ್ಮಂಥವರದೇ. ನಿಮ್ಮ ಅಜ್ಜಿಯ ಕಥೆಯನ್ನು ಬರೆದಿಟ್ಟುಕೊಳ್ಳಿ, ಅದು ಬೆಲೆಬಾಳುವ ಕಥೆ. ಆದರೆ ರಾತ್ರಿಯ ಶಬ್ದದ ಹೊಣೆಯನ್ನು ಅದರ ಮೇಲೆ ಹೊರಿಸಬೇಡಿ.

ಈಗ ಗುಂಯ್ ಶಬ್ದ. ಕೆಲವು ವರ್ಷಗಳ ಹಿಂದೆ ಕೊಪ್ಪಳ ಜಿಲ್ಲೆಯ ಒಂದು ಗುಡ್ಡದಲ್ಲಿ ಅಳತೆ ಮಾಡುತ್ತಿದ್ದೆ. ಆಷಾಢ. ನಿಂತವರನ್ನು ತಳ್ಳುವಂಥ ಗಾಳಿ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಂದು ಚಿಕ್ಕ ಕಲ್ಲುಮನೆ ಗುನುಗುವುದಕ್ಕೆ ಶುರು ಮಾಡಿತು. ಕಿವಿಗಿಂತ ಎದೆಗೇ ಜಾಸ್ತಿ ಗೊತ್ತಾಗುವಂಥ ಶಬ್ದ. ಜೊತೆಗಿದ್ದ ಹುಡುಗ ಟೇಪು ಅಲ್ಲೇ ಬಿಟ್ಟು ಇಳಿದುಬಿಟ್ಟ. ನಾನು ಹೆಗಲ ಮೇಲಿದ್ದ ಕಂಬಳಿಯನ್ನು ಎರಡು ಮಡಿಕೆ ಮಾಡಿ ಕಿಂಡಿಗೆ ಅಡ್ಡ ಹಿಡಿದೆ. ಶಬ್ದ ನಿಂತಿತು. ತೆಗೆದೆ, ಬಂತು. ಮತ್ತೆ ಹಿಡಿದೆ, ನಿಂತಿತು. ಹುಡುಗನನ್ನು ಕೂಗಿ ಕರೆದು ಅವನ ಕೈಗೇ ಕಂಬಳಿ ಕೊಟ್ಟೆ. ಆರೇಳು ಸಲ ಮಾಡಿ ನೋಡಿದ. ಆಮೇಲೆ ಸಂಜೆವರೆಗೂ ಅಲ್ಲೇ ಕೂತು ಟೇಪು ಹಿಡಿದ.

ಖಾಲಿ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿದರೆ ಗುಂಯ್ ಅನ್ನುತ್ತದಲ್ವಾ, ಇದೂ ಅದೇ. ಒಳಗಿನ ಗಾಳಿ ಸ್ಪ್ರಿಂಗ್ ಹಾಗೆ ಕುಗ್ಗಿ ಹಿಗ್ಗುತ್ತದೆ. ಕಿಂಡಿಯಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕದ ಹಾಗೆ ಒಳಗೆ ಹೊರಗೆ ಓಲಾಡುತ್ತದೆ. ಕೋಣೆ ದೊಡ್ಡದಾದಷ್ಟೂ ಸ್ವರ ತಗ್ಗು. ಉದ್ದ, ಅಗಲ ಒಂದೊಂದು ಮೀಟರ್, ಎತ್ತರ ಅದಕ್ಕೂ ಸ್ವಲ್ಪ ಕಡಿಮೆ ಇರುವ ಕೋಣೆಗೆ 40 ಸೆಂಟಿಮೀಟರ್ ಕಿಂಡಿ ಇದ್ದರೆ, ಲೆಕ್ಕದ ಪ್ರಕಾರ ಸುಮಾರು 30 ಹರ್ಟ್ಜ್ ಬರುತ್ತದೆ. ಅಂದರೆ ಸೆಕೆಂಡಿಗೆ 30 ಕಂಪನ. ಎರಡು ಮೀಟರ್ ಉದ್ದಗಲದ, ಒಂದೂವರೆ ಮೀಟರ್ ಎತ್ತರದ ಕೋಣೆಗೆ ಅರ್ಧ ಮೀಟರ್ ಕಿಂಡಿ ಇದ್ದರೆ 13ರ ಆಸುಪಾಸು. ನಮ್ಮ ಕಿವಿಗೆ ಕೇಳಿಸುವುದು ಸುಮಾರು 20ರಿಂದ ಮೇಲೆ. ಹಾಗಾಗಿ ದೊಡ್ಡ ಕಲ್ಲುಮನೆಯ ಸ್ವರ ನಮಗೆ ಕೇಳುವುದೇ ಇಲ್ಲ. ಚಪ್ಪಡಿಗಳ ನಡುವೆ ಸಂದು ಬಿಟ್ಟಿದ್ದರೆ ಗಾಳಿ ಸೋರಿ ಶಬ್ದ ಇನ್ನೂ ಕುಗ್ಗುತ್ತದೆ. ಒಂದೂವರೆ ಕಿಲೋಮೀಟರ್ ದೂರದ ಮನೆಗೆ ಕೇಳಿಸುವ ಗುಂಯ್‌ನಲ್ಲಿ ಬಂಡೆಗಳ ಸಂದಿಯಲ್ಲಿ ನುಗ್ಗುವ ಗಾಳಿಯ ಪಾಲೂ ಇರುತ್ತದೆ. ಗಂಗಾವತಿ ಸುತ್ತ ಅಕ್ಕಿ ಗಿರಣಿಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಗಾಳಿಯೇ ಇಲ್ಲದ ರಾತ್ರಿಯೂ ಗುಂಯ್ ಕೇಳಿದರೆ ಆ ಕಡೆ ಕಿವಿ ಕೊಡಿ.

ನಿಮ್ಮ ತಮ್ಮನಂಥವರು ಇಲ್ಲಿ ಇನ್ನೊಂದು ಮಾತು ಎತ್ತುತ್ತಾರೆ. ಕೇಳಿಸದ ಈ ತಗ್ಗು ಶಬ್ದವೇ ದೆವ್ವ ಕಂಡ ಹಾಗೆ ಮಾಡುತ್ತೆ ಅಂತ. 1998ರಲ್ಲಿ ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್, ತನ್ನ ಲ್ಯಾಬಿನಲ್ಲಿ ಕಂಡ ‘ದೆವ್ವ’ಕ್ಕೆ ಒಂದು ಫ್ಯಾನಿನಿಂದ ಎದ್ದ 19 ಹರ್ಟ್ಜ್ ಅಲೆ ಕಾರಣ ಅಂತ ಬರೆದ. ಅದು ತುಂಬಾ ಹೆಸರಾಯಿತು. ಆದರೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು 79 ಜನರನ್ನು ಒಂದು ಕೋಣೆಯೊಳಗೆ ಬಿಟ್ಟು, ಕೆಲವು ಸಲ ಇಂಥ ಅಲೆ ಹಾಕಿ, ಕೆಲವು ಸಲ ಹಾಕದೆ ನೋಡಿದರು. 2009ರಲ್ಲಿ ಅದು ಪ್ರಕಟವಾಯಿತು. ಎಷ್ಟೋ ಜನರಿಗೆ ವಿಚಿತ್ರ ಅನುಭವ ಆಯಿತು, ನಿಜ. ಆದರೆ ಅಲೆ ಇದ್ದಾಗಲೂ ಇಲ್ಲದಿದ್ದಾಗಲೂ ಒಂದೇ ರೀತಿ ಆಯಿತು. ‘ಇಲ್ಲಿ ಏನೋ ಆಗಬಹುದು’ ಅಂತ ಮೊದಲೇ ಹೇಳಿ ಕಳಿಸಿದ್ದೇ ಕಾರಣ ಇರಬಹುದು ಅಂತ ಅವರು ಬರೆದರು. ಕಲ್ಲಿನಲ್ಲಿ ಹಳೇ ಶಬ್ದ ರೆಕಾರ್ಡ್ ಆಗಿರುತ್ತೆ ಅನ್ನುವುದಕ್ಕಂತೂ ಬುಡವೇ ಇಲ್ಲ. ಗ್ರಾನೈಟ್ ಕಲ್ಲಿಗೆ ಶಬ್ದ ಹಿಡಿದಿಡುವ ಗುಣವೂ ಇಲ್ಲ, ಹಿಡಿದಿದ್ದರೂ ಮತ್ತೆ ನುಡಿಸುವ ದಾರಿಯೂ ಇಲ್ಲ.

ಬೇಸಿಗೆ ಸಂಜೆಯ ಟಪ್ ಶಬ್ದ ಬಂಡೆಯದು. ಏಪ್ರಿಲ್ ಮಧ್ಯಾಹ್ನ ನಿಮ್ಮ ಗುಡ್ಡದ ಬಂಡೆ ಮೇಲೆ ಬರಿಗಾಲಿಡಲು ಆಗುತ್ತಾ? ಆಗಲ್ಲ. ಹಗಲೆಲ್ಲ ಕಾದು ಉಬ್ಬಿದ ಮೇಲ್ಪದರ, ಹೊತ್ತು ಮುಳುಗಿದ ಮೇಲೆ ತಣಿದು ಕುಗ್ಗುತ್ತದೆ. ಒಳಗಿನ ಕಲ್ಲು ಅಷ್ಟು ಬೇಗ ತಣಿಯುವುದಿಲ್ಲ. ಈ ಎಳೆದಾಟದಲ್ಲಿ ಪದರ ಬಿರಿಯುತ್ತದೆ. ಈರುಳ್ಳಿ ಸಿಪ್ಪೆಯ ಹಾಗೆ ಎದ್ದ ಬಂಡೆಗಳನ್ನು ನೀವು ನೋಡೇ ಇರುತ್ತೀರಿ. ಅಮೆರಿಕದ ಟ್ವೇನ್ ಹಾರ್ಟ್ ಎಂಬ ಊರಲ್ಲಿ 2014ರ ಆಗಸ್ಟ್‌ನಲ್ಲಿ ಕೆರೆ ಪಕ್ಕದ ಗ್ರಾನೈಟ್ ಬಂಡೆ ಹೀಗೆ ದೊಡ್ಡ ಸದ್ದು ಮಾಡಿ ಸಿಡಿದದ್ದನ್ನು ಜನ ವಿಡಿಯೊ ಮಾಡಿದ್ದಾರೆ. ಈಜಿಪ್ಟಿನ ಮೆಮ್ನಾನ್ ವಿಗ್ರಹದ ಕಥೆ ಇನ್ನೂ ಹಳೆಯದು. ಕ್ರಿಸ್ತಪೂರ್ವ 27ರ ಭೂಕಂಪದಲ್ಲಿ ಅದು ಬಿರುಕು ಬಿಟ್ಟಿತು. ಆಮೇಲೆ ಮುಂಜಾನೆ ಹೊತ್ತು ‘ಹಾಡುವುದಕ್ಕೆ’ ಶುರುವಾಯಿತು. ರೋಮಿನಿಂದೆಲ್ಲ ಜನ ಕೇಳುವುದಕ್ಕೆ ಬಂದರು. ಮುಂದೆ ಅದನ್ನು ರಿಪೇರಿ ಮಾಡಿದರು. ಹಾಡು ನಿಂತುಹೋಯಿತು. ಟಪ್ ಶಬ್ದದಿಂದ ನಿಮ್ಮ ಮನೆಗೆ ಅಪಾಯ ಇಲ್ಲ. ಆದರೆ ಎದ್ದ ಪದರದ ಕೆಳಗೆ ಕುರಿಗಳನ್ನು ಮಲಗಿಸಬೇಡಿ, ನೀವೂ ಕೂರಬೇಡಿ.

ನಗಾರಿಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮೊಹರಂ. ಸುತ್ತಲ ಹಳ್ಳಿಗಳಲ್ಲಿ ಅಲಾಯಿ ಕುಣಿತಕ್ಕೆ ರಾತ್ರಿಯೆಲ್ಲ ಹಲಗೆ ಬಡಿಯುತ್ತಾರೆ ಅಲ್ವಾ? ಹಗಲಲ್ಲಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಶಬ್ದ ಮೇಲಕ್ಕೆ ಬಾಗಿ ಹೋಗುತ್ತದೆ, ದೂರಕ್ಕೆ ಕೇಳಲ್ಲ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಇದು ತಿರುಗಾಮುರುಗಾ. ನೆಲ ಬೇಗ ತಣಿಯುತ್ತದೆ, ಬೆಚ್ಚನೆ ಗಾಳಿ ಮೇಲಿರುತ್ತದೆ. ಶಬ್ದ ಕೆಳಕ್ಕೆ ಬಾಗಿ ಮೂರು ನಾಲ್ಕು ಕಿಲೋಮೀಟರ್ ಆಚೆಗೂ ಬರುತ್ತದೆ. ಬಂದದ್ದು ಬಂಡೆಗೆ ಬಡಿದು ವಾಪಸಾದರೆ ಗುಡ್ಡದ ಮೇಲೇ ಬಡಿದ ಹಾಗೆ ಅನಿಸುತ್ತದೆ.

ಉಸಿರು ಬಿಡುವ ಶಬ್ದವನ್ನು ನಾನು ರಾಯಚೂರು ಜಿಲ್ಲೆಯ ಒಂದು ಹಳೇ ಕೋಟೆಯ ಬುರುಜಿನಲ್ಲಿ ಕೇಳಿದ್ದೇನೆ. ಕತ್ತಲಾಗಿತ್ತು. ಗೋಡೆಯೊಳಗಿಂದ ಹಿಸ್ಸ್... ಹಿಸ್ಸ್... ಮಲಗಿದವರು ಗೊರಕೆ ಹೊಡೆದ ಹಾಗೆ. ಮೈ ಜುಮ್ ಅಂತು. ಟಾರ್ಚ್ ಬಿಟ್ಟರೆ ಮೂರು ಬಿಳೀ ಮುಖಗಳು, ಹೃದಯದ ಆಕಾರ. ಕಣಜ ಗೂಬೆಯ ಮರಿಗಳು. ಹಸಿವಾದಾಗ ಹಾಗೆ ಮಾಡುತ್ತವೆ. ಹಾಲಕ್ಕಿ ನುಡಿದರೆ ಶಕುನ ಕೇಳುವ ನಾಡು ನಮ್ಮದು, ಗೂಬೆ ಅಂದರೆ ಹೆದರುತ್ತೇವೆ. ಆದರೆ ಭತ್ತದ ಇಲಿ ಹಿಡಿಯುವ ಹಕ್ಕಿ ಅದು. ಗೂಡಿಗೆ ಯಾರೂ ಕಲ್ಲು ಹೊಡೆಯದ ಹಾಗೆ ನೋಡಿಕೊಳ್ಳಿ. ಒಂದು ಎಚ್ಚರ: ಕಲ್ಲುಸಂದಿಯ ಬುಸ್ ಶಬ್ದ ಹಾವಿನದೂ ಇರಬಹುದು. ಸಂದಿಗೆ ಕೈ ಹಾಕುವುದು ಬೇಡ.

ಇನ್ನು ಟಣ್ ಟಣ್.

ಕಲ್ಲಿಗೆ ಲೋಹದ ದನಿ ಇದೆ, ಅದು ಸುಳ್ಳಲ್ಲ. ಬಳ್ಳಾರಿ ಹತ್ತಿರ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಲ್ಲಿ ಕರಿಕಲ್ಲಿನ ಒಂದು ಸಾಲು ಹಾದುಹೋಗುತ್ತದೆ. ಅದರ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯ ಹಾಗೆ ದನಿ ಬರುತ್ತದೆ. ಬಡಿದು ಬಡಿದು ಬಿದ್ದ ಗುಳಿಗಳು ಇವತ್ತೂ ಇವೆ. ಪಕ್ಕದಲ್ಲೇ ದನಗಳ, ಮನುಷ್ಯರ ಗೀರುಚಿತ್ರಗಳು. 1892ರಲ್ಲಿ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಜಾಗದ ಬಗ್ಗೆ ಬರೆದ. 2004ರಲ್ಲಿ ನಿಕೋಲ್ ಬೋಯ್ವಿನ್ ಎಂಬ ಪುರಾತತ್ವಜ್ಞೆ, ಹೊಸ ಶಿಲಾಯುಗದ ಜನ ಇಲ್ಲಿ ಚಿತ್ರದ ಜೊತೆ ಶಬ್ದವನ್ನೂ ಆಚರಣೆಗೆ ಬಳಸಿರಬೇಕು ಅಂತ ಬರೆದರು. ಹಿರೇಬೆಣಕಲ್‌ನಲ್ಲೂ ಎತ್ತರದ ಬಂಡೆ ಮೇಲೆ ನಗಾರಿಯಂಥ ಅರ್ಧಗೋಳದ ಕಲ್ಲಿದೆ. ಬಡಿದರೆ ಸುಮಾರು ಒಂದು ಕಿಲೋಮೀಟರ್ ದೂರ ಕೇಳುತ್ತದೆ ಅನ್ನುತ್ತಾರೆ. ನುಣ್ಣನೆಯ ಕಣದ, ಬಿರುಕಿಲ್ಲದ ಕಲ್ಲು ಒಂದೆರಡು ಕಡೆ ಮಾತ್ರ ಊರಿ ನಿಂತಿದ್ದರೆ ಹೀಗೆ ನುಡಿಯುತ್ತದೆ. ನೆಲದಲ್ಲಿ ಪೂರ್ತಿ ಹೂತ ಕಲ್ಲು ದಬ್ ಅನ್ನುತ್ತದೆ, ಅಷ್ಟೇ.

ಆ ಜನ ಕಿವಿಗೊಟ್ಟು, ಒಂದೊಂದೇ ಬಂಡೆ ಬಡಿದು ನೋಡಿ, ದನಿ ಇರುವ ಕಲ್ಲನ್ನು ಆರಿಸಿಕೊಂಡಿದ್ದರು. ಆ ಗುಳಿಯಲ್ಲಿ ಬೆರಳಿಟ್ಟಾಗ ನನಗೆ ಪ್ರತಿ ಸಲವೂ ಮೈ ನವಿರೇಳುತ್ತದೆ. ಆದರೆ ಒಂದು ಮಾತು ನೆನಪಿಡಿ. ಆ ಕಲ್ಲು ಗಾಳಿಗೆ ನುಡಿಯಲ್ಲ, ಬಿಸಿಲಿಗೆ ನುಡಿಯಲ್ಲ. ಯಾರಾದರೂ ಬಡಿದರೆ ಮಾತ್ರ ನುಡಿಯುತ್ತದೆ.

ಗಾಳಿಗೆ ತಿಥಿ ಗೊತ್ತಿಲ್ಲ. ನತ್ತಿಂಗದಂಥ ಕೆಲವು ಹಕ್ಕಿಗಳು ಬೆಳದಿಂಗಳಲ್ಲಿ ಜಾಸ್ತಿ ಕೂಗುತ್ತವೆ, ಅದು ಹುಣ್ಣಿಮೆ ಕಡೆಗೆ. ಅಮಾವಾಸ್ಯೆಗೇ ಬರುವ ಕಬ್ಬಿಣದ ಸದ್ದಿಗೆ ಮನುಷ್ಯನ ಕೈ ಬೇಕು. ಹಾರೆ, ಗುದ್ದಲಿ, ಸುತ್ತಿಗೆ. ಕದ್ದು ಕಲ್ಲು ಒಡೆಯುವವರು ಇರಬಹುದು. ನನಗೆ ಜಾಸ್ತಿ ಅನುಮಾನ ಬರುವುದು ನಿಧಿಗಾಗಿ ಅಗೆಯುವವರ ಮೇಲೆ. ಅಮಾವಾಸ್ಯೆ ರಾತ್ರಿ ಅಗೆದರೆ ನಿಧಿ ಸಿಗುತ್ತೆ ಅನ್ನುವ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಅಂತ ನಿಮಗೂ ಗೊತ್ತು.

ನಾನು ಒಂದು ಬೇಸಿಗೆಯಲ್ಲಿ ಅಳತೆ ಮಾಡಿ ಚಿತ್ರ ಬರೆದಿದ್ದ ಕಲ್ಲುಮನೆಯೊಂದಿತ್ತು. ಮುಂದಿನ ವರ್ಷ ಹೋದಾಗ ಮೇಲಿನ ಚಪ್ಪಡಿ ಎರಡು ತುಂಡಾಗಿ ಬಿದ್ದಿತ್ತು. ಒಳಗೆ ಎದೆಮಟ್ಟದ ಗುಂಡಿ. ಸುತ್ತ ನಿಂಬೆಹಣ್ಣು, ಅರಿಶಿನ, ಒಂದು ಹಳೇ ಟಾರ್ಚ್ ಸೆಲ್ಲು. ಹೊರಗೆ ಎಸೆದ ಮಣ್ಣಿನಲ್ಲಿ ಕಪ್ಪು-ಕೆಂಪು ಮಡಕೆಯ ಚೂರುಗಳು. ಅದು ಒಡೆಯದೆ ಎರಡು ಸಾವಿರ ವರ್ಷ ಒಳಗಿದ್ದ ಮಡಕೆ. ಆ ಚೂರುಗಳನ್ನು ಆರಿಸುತ್ತಾ ಕೂತಾಗ ಆದ ಸಂಕಟ ನನಗಿನ್ನೂ ಹೋಗಿಲ್ಲ. ಇಂಥ ಸಮಾಧಿಗಳಲ್ಲಿ ಸಿಗುವುದು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣದ ಕತ್ತಿ-ಬಾಣ. ಚಿನ್ನದ ಕೊಪ್ಪರಿಗೆ ಇಟ್ಟವರಲ್ಲ ಅವರು. ರಾಯಚೂರಿನ ಹಟ್ಟಿಯಲ್ಲಿ ಚಿನ್ನ ಇರುವುದು ನಿಜ. ಅದು ಭೂಮಿಯೊಳಗಿನ ಅದಿರಿನಲ್ಲಿ.

ಈಗ 35 ಸಾವಿರದ ಮಾತು. ಆ ವ್ಯಕ್ತಿಯ ಮೇಲೆ ನಾನು ಆರೋಪ ಹೊರಿಸುವುದಿಲ್ಲ. ಆದರೆ ಅವರ ಷರತ್ತು ನೋಡಿ. ಅಮಾವಾಸ್ಯೆ ರಾತ್ರಿಯೇ ಆಗಬೇಕು, ಊರವರು ಯಾರೂ ಬರಬಾರದು. ಇಂಥ ಷರತ್ತಿಗೆ ಒಪ್ಪಿದರೆ ಗುಡ್ಡದಲ್ಲಿ ಅವತ್ತು ಏನು ನಡೆಯಿತು ಅಂತ ಹೇಳುವುದಕ್ಕೆ ಒಬ್ಬ ಸಾಕ್ಷಿಯೂ ಇರಲ್ಲ. ನಾಳೆ ಅಲ್ಲಿ ಗುಂಡಿ ಕಂಡರೆ ಪಟ್ಟಿ ಕೊಟ್ಟ ಊರೂ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಕೊಡಬೇಡಿ ಅಂತಲೇ ನನ್ನ ಸಲಹೆ. ಹಿರಿಯರಿಗೆ ಪೂಜೆ ಆಗಲೇಬೇಕು ಅನಿಸಿದರೆ ಊರ ಪೂಜಾರಿಯಿಂದ ಹಗಲು ಹೊತ್ತು, ಎಲ್ಲರ ಎದುರಿಗೆ, ಗುಡ್ಡದ ಬುಡದಲ್ಲಿ ಮಾಡಿಸಿ. ಅದಕ್ಕೆ ನನ್ನ ತಕರಾರಿಲ್ಲ. ಕಲ್ಲುಮನೆಗೆ ಎಣ್ಣೆ ಹಚ್ಚುವುದು, ಚಪ್ಪಡಿ ಮೇಲೆ ಕಾಯಿ ಒಡೆಯುವುದು ಮಾತ್ರ ಬೇಡ.

ತಮ್ಮನನ್ನು ರಾತ್ರಿ ಖಂಡಿತ ಕಳಿಸಬೇಡಿ. ಗಂಗಾವತಿ-ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಮರಿ ಇರುವ ಕರಡಿ ಎದುರಾದರೆ ಓಡುವುದಕ್ಕೂ ಜಾಗ ಸಿಗಲ್ಲ. ಅದಕ್ಕಿಂತ ದೊಡ್ಡ ಅಪಾಯ, ಹಾರೆ ಹಿಡಿದ ನಾಲ್ಕು ಜನ ಇದ್ದು, ಇವನು ಕ್ಯಾಮೆರಾ ಹಿಡಿದು ಎದುರಿಗೆ ನಿಲ್ಲುವುದು. ಅವನ ಉತ್ಸಾಹಕ್ಕೆ ಬೇರೆ ಕೆಲಸ ಇದೆ. ಒಂದು ನೋಟ್‌ಬುಕ್ ಕೊಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಶಬ್ದ, ಗಾಳಿ ಇತ್ತಾ, ಸುತ್ತ ಎಲ್ಲಾದರೂ ಹಬ್ಬ ಇತ್ತಾ, ತಿಥಿ ಯಾವುದು. ಎರಡು ತಿಂಗಳು ಬರೆಯಲಿ. ಮಾಳಿಗೆ ಮೇಲಿಂದಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಗುಂಯ್ ಶಬ್ದ ಸರಿಯಾಗಿ ಹಿಡಿಯಲ್ಲ, ಮೊಬೈಲ್ ಮೈಕಿಗೆ ತಗ್ಗು ಸ್ವರ ಕಷ್ಟ. ಟಣ್ ಟಣ್ ಚೆನ್ನಾಗಿಯೇ ಹಿಡಿಯುತ್ತದೆ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಐದಾರು ಜನ ಸೇರಿ ಹತ್ತಿ ನೋಡಿ. ಹಸಿ ಮಣ್ಣು, ಜರುಗಿದ ಚಪ್ಪಡಿ, ಪೂಜೆ ಸಾಮಾನು ಕಂಡರೆ ಏನನ್ನೂ ಮುಟ್ಟಬೇಡಿ. ಫೋಟೊ ತೆಗೆದು ಪಂಚಾಯಿತಿಗೂ ಪೊಲೀಸ್ ಠಾಣೆಗೂ ಬರವಣಿಗೆಯಲ್ಲಿ ಕೊಡಿ, ಪುರಾತತ್ವ ಇಲಾಖೆಗೂ ಒಂದು ಪ್ರತಿ ಕಳಿಸಿ. ರಾತ್ರಿ ಶಬ್ದ ಕೇಳುತ್ತಿರುವಾಗಲೇ 112ಕ್ಕೆ ಫೋನ್ ಮಾಡಬಹುದು. ಕೇಂದ್ರದ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ನಿಮ್ಮ ಗುಡ್ಡ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ದಾರಿ ಇದೆ. ನಿಧಿಗಾಗಿ ವಾಮಾಚಾರ ಮಾಡುವುದನ್ನು ತಡೆಯುವ ರಾಜ್ಯದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ದೂರು ಕೊಟ್ಟರೆ ಊರವರ ಜೊತೆ ಮನಸ್ತಾಪ ಬರಬಹುದು. ಅಗೆಯುವವರಿಗೆ ದಾರಿ ತೋರಿಸುವವರು ಎಷ್ಟೋ ಸಲ ಊರಿನವರೇ ಇರುತ್ತಾರೆ. ಅದಕ್ಕೆ ಒಬ್ಬರೇ ಹೋಗಬೇಡಿ. ಹತ್ತು ಜನರ ಸಹಿ ಹಾಕಿಸಿ.

ಕೊನೆಗೆ ತಂಗಿ. ಈ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹತ್ತಿದ್ದು ಅವಳದು. ನಿದ್ದೆಗೆಟ್ಟವರಿಗೆ ಸಣ್ಣ ಶಬ್ದವೂ ದೊಡ್ಡದಾಗಿ ಕೇಳುತ್ತದೆ, ಆ ಶಬ್ದದಿಂದ ಮತ್ತೆ ನಿದ್ದೆ ಹೋಗುತ್ತದೆ. ಸದ್ಯಕ್ಕೆ ಅವಳು ಯಾರದಾದರೂ ಜೊತೆಯಲ್ಲಿ ಮಲಗಲಿ. ಸಂಜೆಯಾದ ಮೇಲೆ ಮನೆಯಲ್ಲಿ ಗುಡ್ಡದ ಮಾತು ಬೇಡ. ಎರಡು ವಾರದಲ್ಲಿ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಆ ಕಾಲದ ಜನರ ಕೊಡಲಿ, ಮಡಕೆಗಳನ್ನು ಹತ್ತಿರದಿಂದ ನೋಡಲಿ.

ಆಷಾಢ ಬಂದಾಗ ಒಂದು ಮಧ್ಯಾಹ್ನ, ಗಾಳಿ ಜೋರಾಗಿರುವಾಗ, ಮನೆಯವರೆಲ್ಲ ಸೇರಿ ಗುಡ್ಡ ಹತ್ತಿ. ಟಾರ್ಚ್ ಬಿಟ್ಟು ಕಲ್ಲುಮನೆಯೊಳಗೆ ಹಾವು, ಚೇಳು ಇಲ್ಲ ಅಂತ ನೋಡಿಕೊಳ್ಳಿ. ಒಂದು ದಪ್ಪ ಕಂಬಳಿ ಜೊತೆಗಿರಲಿ. ಗುಂಯ್ ಅನ್ನುವಾಗ ಅದನ್ನು ಕಿಂಡಿಗೆ ಹಿಡಿಯುವ ಕೆಲಸ ತಂಗಿಗೆ ಕೊಡಿ.